ಎರಡು ಸಾವಿರದ ಮರ್ಯಾದೆ

ಪುಟ್ಟಣ್ಣನ ಹೋಟೆಲಿನಲ್ಲಿ ಬೆಳಗಿನ ಕಾಫಿ ಕುಡಿಯುತ್ತಾ ಖಾಜಾ ಪೀರ್ ಆ ಮಾತನ್ನು ಸ್ವಲ್ಪ ಮೆಲ್ಲಗೆ ಆಡಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಆದರೆ ವರ್ಷಗಟ್ಟಲೆ ಲಾರಿ ಎಂಜಿನ್ನುಗಳ ಪಕ್ಕ ನಿಂತು ಮಾತಾಡಿದ ಗಂಟಲು ಅದು. ಗುಟ್ಟು ಹೇಳಿದರೂ ಶಿವಮೊಗ್ಗದ ದುರ್ಗಿಗುಡಿಯ ಅರ್ಧ ಬೀದಿಗೆ ಕೇಳಿಸುತ್ತಿತ್ತು.

"ನನ್ನ ಖಾತೇಲಿರೋದು ಹನ್ನೊಂದು ರೂಪಾಯಿ ಪುಟ್ಟಣ್ಣ. ಆದ್ರೂ ಎರಡು ಸಾವಿರದ ತನಕ ಚೆಕ್ ಬರೀಬಹುದು. ಬ್ಯಾಂಕಿನೋರು ಒಪ್ಕೊಂಡಿದಾರೆ. ಓವರ್‌ಡ್ರಾಫ್ಟ್ ಅಂತಾರೆ ಅದಕ್ಕೆ."

ಪುಟ್ಟಣ್ಣ ಲೋಟ ತೊಳೆಯುವುದನ್ನು ನಿಲ್ಲಿಸಿದ. "ಇಲ್ಲದ ದುಡ್ಡಿಗೆ ಚೆಕ್ಕಾ?"

"ಇಲ್ಲದ ದುಡ್ಡಲ್ಲ ಮಾರಾಯ, ಅವರ ದುಡ್ಡು. ನಾನು ತಗೊಂಡಷ್ಟಕ್ಕೆ, ಇಟ್ಕೊಂಡಷ್ಟು ದಿನಕ್ಕೆ ಮಾತ್ರ ಬಡ್ಡಿ. ಅಂಗಡಿಗೆ ಕಾಸು ಬಂದಾಗ ಖಾತೆಗೆ ಕಟ್ಟಿದ್ರೆ ಸಾಲ ಇಳೀತು. ಬೇಕಾದಾಗ ಮತ್ತೆ ಬರೆದ್ರಾಯ್ತು. ಎಲ್ರಿಗೂ ಕೊಡಲ್ಲ ಇದನ್ನ. ಮನುಷ್ಯನ ಮುಖ ನೋಡಿ ಕೊಡೋದು."

ಮುಖ ನೋಡಿ ಎಂಬ ಮಾತು ಮಾತ್ರ ಅವನದೇ ಸೇರ್ಪಡೆ. ಉಳಿದದ್ದನ್ನೆಲ್ಲ ಹಿಂದಿನ ದಿನ ಬ್ಯಾಂಕಿನ ಏಜೆಂಟ್ ಕೃಷ್ಣಪ್ಪನವರು ಹೇಳಿದ್ದರು. ಆಗೆಲ್ಲ ಮ್ಯಾನೇಜರನ್ನು ಏಜೆಂಟ್ ಎನ್ನುತ್ತಿದ್ದರು. ಗ್ರೀಸು ಮೆತ್ತಿದ ಪ್ಯಾಂಟಿನವನನ್ನು ಬಟ್ಟೆ ಹೊದಿಸಿದ ಕುರ್ಚಿಯಲ್ಲಿ ಕೂರಿಸಿ, ಅಂಗಡಿಯ ಸಾಮಾನಿನ ಜಾಮೀನಿನ ಮೇಲೆ ಎರಡು ಸಾವಿರ ಮಂಜೂರು ಮಾಡಿದ್ದರು. "ಮಿತಿ ದಾಟಿದ್ರೆ ಚೆಕ್ ವಾಪಸ್ ಬರುತ್ತೆ ಸಾಬ್ರೇ. ಯಾವುದು ಮೊದಲು ನಮ್ಮ ಕೈಗೆ ಬರುತ್ತೋ ಅದಕ್ಕೆ ಮೊದಲು ದುಡ್ಡು," ಎಂದೂ ಹೇಳಿದ್ದರು. ಆದರೆ ಅಷ್ಟು ಹೊತ್ತಿಗೆ ಖಾಜಾ ಪೀರನ ಎದೆ ಗಾಳಿ ತುಂಬಿದ ಟ್ಯೂಬಿನಂತೆ ಉಬ್ಬಿ ಹೋಗಿ, ಆ ಮಾತಿಗೆ ಒಳಗೆ ಜಾಗವಿರಲಿಲ್ಲ.

ಹೆಮ್ಮೆ ಪಡಲು ಕಾರಣವೂ ಇತ್ತು. ಲಾರಿಯ ಒಂದು ಬುಶ್ ಕಡೆಸಬೇಕಾದರೂ ಅವನು ಅದನ್ನು ಚೀಲದಲ್ಲಿ ಹಾಕಿಕೊಂಡು ಭದ್ರಾವತಿಗೆ ಹೋಗಿ, ಗೋವಿಂದ ಮೊದಲಿಯಾರರ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮುಂದೆ ಅರ್ಧ ದಿನ ಕಾಯಬೇಕಿತ್ತು. ಈಗ ಮೊದಲಿಯಾರರು ಹೊಸ ಲೇತ್ ತರಿಸಿ ಹಳೆಯದನ್ನು ಹದಿನೈದು ನೂರಕ್ಕೆ ಮಾರುತ್ತಿದ್ದರು. ಅದು ತನ್ನ ಶೆಡ್ಡಿಗೆ ಬಂದರೆ ರಿಪೇರಿ ಅಂಗಡಿ ಎಂಬ ಹೆಸರು ಹೋಗಿ ವರ್ಕ್‌ಶಾಪ್ ಎಂದಾಗುತ್ತದೆ. ಈ ಕನಸನ್ನು ಅವನು ಹೆಂಡತಿ ಕರೀಮಾಬಿಗೆ ಎಷ್ಟು ಸಲ ಹೇಳಿದ್ದನೆಂದರೆ, ಅವಳಿಗೆ ಲೇತಿನ ಒಂದೊಂದು ಗಾಲಿಯೂ ಬಾಯಿಪಾಠವಾಗಿತ್ತು.

ಪುಟ್ಟಣ್ಣ ತಲೆಯಾಡಿಸಿದ. "ನಂಗೆ ನಂಬಿಕೆ ಬರ್ತಿಲ್ಲ ಸಾಬ್ರೇ. ಇಲ್ಲದ ದುಡ್ಡಿಗೆ ಯಾರು ಕೊಡ್ತಾರೆ? ಒಂದು ಬರೆದು ತೋರ್ಸಿ ನೋಡಣ. ಹೆಂಗೂ ರುಬ್ಬೋ ಮಿಷಿನ್ನಿಗೆ ನಾನೂರು ಬೇಕಿತ್ತು. ದೀಪಾವಳಿಗೆ ವಾಪಸ್ ಕೊಡ್ತೀನಿ."

ಸುಮ್ಮನೆ ಕೇಳಿದ್ದರೆ ಖಾಜಾ ಪೀರ್ ಕೊಡುತ್ತಿರಲಿಲ್ಲ. ನಂಬಿಕೆ ಇಲ್ಲ ಎಂದದ್ದು ಚುಚ್ಚಿತು. ಜೇಬಿನಿಂದ ಹೊಸ ಚೆಕ್ ಪುಸ್ತಕ ತೆಗೆದು, ಗಲ್ಲಾದ ಮೇಜಿನ ಮೇಲಿಟ್ಟು, ನಾನೂರು ಬರೆದು, ಬಾಲವಿರುವ ಸಹಿ ಹಾಕಿ ಹರಿದು ಕೊಟ್ಟ.

ಅವನು ಶೆಡ್ಡು ತಲುಪುವಷ್ಟರಲ್ಲಿ ಸುದ್ದಿ ಮುಂದೆ ಹೋಗಿ ಕುಳಿತಿತ್ತು. ಶೆಡ್ಡಿನ ಜಾಗದ ಒಡತಿ ಶೇಷಮ್ಮ ಬಾಗಿಲಲ್ಲೇ ನಿಂತಿದ್ದಳು.

"ಏನಪ್ಪಾ ಖಾಜಾ, ಬ್ಯಾಂಕು ನಿನ್ನ ಕೈಲಿದೆಯಂತೆ. ಹೋಟೆಲಿನೋನಿಗೆ ಕೊಟ್ಟೆ, ಹತ್ತು ವರ್ಷ ಜಾಗ ಕೊಟ್ಟ ನಾನು ಕಣ್ಣಿಗೆ ಕಾಣ್ಲಿಲ್ವಾ? ಮೊಮ್ಮಗಳ ಮದುವೆಗೆ ಮುನ್ನೂರು ಕಮ್ಮಿ ಬಿದ್ದಿದೆ. ಬಾಡಿಗೇಲಿ ಮುರ್ಕೋ."

ಬರೆದುಕೊಟ್ಟ. ಶೇಷಮ್ಮ ಹೋದ ಬೆನ್ನಿಗೆ ಬಡಾವಣೆಯ ನಾಟಕ ಸಂಘದ ಕಾರ್ಯದರ್ಶಿ ಬಂಗಾರಪ್ಪ ಬಂದ. ಪರದೆ ಹೊಲಿಸಬೇಕಂತೆ. "ಕರಪತ್ರದಲ್ಲಿ ನಿಮ್ಮ ಹೆಸರು ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ ಸಾಬ್ರೇ," ಎಂದ. ದಪ್ಪ ಅಕ್ಷರಕ್ಕೆ ಇನ್ನೂರು ಹೋಯಿತು.

ಕರೀಮಾಬಿ ಬುತ್ತಿ ತಂದಿಡುತ್ತಾ ಮನೆಮಾತಾದ ದಖನಿ ಉರ್ದುವಿನಲ್ಲಿ ಕೇಳಿದಳು: "ಲೇತ್ ಇನ್ನೂ ಬಂದಿಲ್ಲ, ಆಗಲೇ ಮೂರು ಚೆಕ್ ಬರೆದ್ರಂತಲ್ಲ?"

"ಸಾಹುಕಾರನ ಹೆಂಡ್ತಿ ಹಂಗೆ ಮಾತಾಡೋದು ಕಲಿ," ಎಂದು ಕೋಟು ಹಾಕಿಕೊಂಡು ಅವನು ಭದ್ರಾವತಿಯ ಬಸ್ಸು ಹತ್ತಿದ.

ಬಸ್ಸು ಮಾಚೇನಹಳ್ಳಿ ದಾಟುವಾಗ ತಂಗಾಳಿ ಮುಖಕ್ಕೆ ಬಡಿಯಿತು, ಲೆಕ್ಕ ತಲೆಗೆ ಬಡಿಯಿತು. ಲೇತಿಗೆ ಹದಿನೈದು ನೂರು. ಈ ಮೂವರಿಗೆ ಒಂಬತ್ತು ನೂರು. ಒಟ್ಟು ಎರಡು ಸಾವಿರದ ನಾನೂರು. ಏಜೆಂಟರ ಮಾತು ಈಗ ನೆನಪಾಗಿ ಅವನು ಸೀಟಿನಿಂದ ಅರ್ಧ ಎದ್ದ. ಕಂಡಕ್ಟರ್ ಇಳಿಯುವವನೆಂದು ತಿಳಿದು ಸೀಟಿ ಊದಿದ.

ಗೋವಿಂದ ಮೊದಲಿಯಾರರು ಮಾತಿಗಿಂತ ಫೋನನ್ನು ನಂಬುವ ಮನುಷ್ಯ. "ಚೆಕ್ಕಾ? ಇರು ತಂಬಿ, ಕೇಳಿಬಿಡ್ತೀನಿ. ತಪ್ಪು ತಿಳ್ಕೋಬೇಡ," ಎಂದು ಶಿವಮೊಗ್ಗದ ಬ್ಯಾಂಕಿಗೆ ಕರೆ ಹಾಕಿದರು. ಖಾಜಾ ಪೀರ್ ಲೇತಿನ ತಣ್ಣನೆಯ ಮೈ ಹಿಡಿದು ನಿಂತ. ಲೇತಿನ ಜಿಡ್ಡಿಗೂ ಅವನ ಬೆವರಿಗೂ ವ್ಯತ್ಯಾಸ ತಿಳಿಯದಂತಾಯಿತು.

ಫೋನಿನಲ್ಲಿ ಕೃಷ್ಣಪ್ಪನವರ ದನಿ ಹೊರಗೂ ಕೇಳಿಸಿತು. "ಖಾಜಾ ಸಾಬ್ರಾ? ಒಳ್ಳೆ ಗಿರಾಕಿ. ಈವರೆಗೆ ಅವರ ಒಂದು ಚೆಕ್ಕೂ ಬಂದಿಲ್ಲ. ಎರಡು ಸಾವಿರ ಪೂರ್ತಿ ಇದೆ."

ಮೊದಲಿಯಾರರು ಫೋನಿಟ್ಟು, ತಮ್ಮ ಕುರ್ಚಿಯನ್ನೇ ಅವನ ಕಡೆ ತಳ್ಳಿದರು. ಒಂದೇ ವಾರದಲ್ಲಿ ಎರಡನೆಯ ಕುರ್ಚಿ. ಅದರ ಮೇಲೆ ಕೂತ ಮೇಲೆ ಇಲ್ಲ ಎನ್ನುವುದು ಹೇಗೆ? ಆ ಮೂವರು ಇನ್ನೂ ಬ್ಯಾಂಕಿಗೆ ಹೋಗಿಲ್ಲ, ಇಂದಿನ ವ್ಯವಹಾರದ ಹೊತ್ತೂ ಮುಗಿಯುತ್ತಾ ಬಂತು. ಮೊದಲಿಯಾರರ ಚೆಕ್ಕು ಭದ್ರಾವತಿಯ ಬ್ಯಾಂಕಿನಿಂದ ಶಿವಮೊಗ್ಗಕ್ಕೆ ಹೋಗುವುದಕ್ಕೆ ಎರಡು ದಿನ ಬೇಕು. ಸಂಜೆಯೊಳಗೆ ಮೂರನ್ನೂ ವಾಪಸ್ ಕೇಳಿ ಪಡೆದರಾಯಿತು ಎಂದು ಲೆಕ್ಕ ಹಾಕಿ, ಹದಿನೈದು ನೂರು ಬರೆದುಕೊಟ್ಟ.

ಲೇತನ್ನು ಬಾಡಿಗೆ ಲಾರಿಗೆ ಹೇರಿಸಿ, ಡ್ರೈವರ್ ಪಕ್ಕ ಕೂತು, ಮದುವೆ ಮಾಡಿಕೊಂಡು ಹೆಣ್ಣನ್ನು ಕರೆತರುವವನಂತೆ ಹೊತ್ತು ಇಳಿಯುವಾಗ ಖಾಜಾ ಪೀರ್ ದುರ್ಗಿಗುಡಿಗೆ ಬಂದ. ಆರು ಜನ ಹಮಾಲರು ಹಲಗೆ ಕೊಟ್ಟು ಅದನ್ನು ಶೆಡ್ಡಿಗೆ ಇಳಿಸಿದರು. ಬೀದಿಯೆಲ್ಲ ನೋಡಿತು. ಕರೀಮಾಬಿ ಸೆರಗಿನಲ್ಲಿ ಲೇತಿನ ಧೂಳು ಒರೆಸಿ, ಗಂಡನ ಕಡೆ ನೋಡಿದಳು. ಆ ನೋಟಕ್ಕೆ ಎರಡು ಸಾವಿರ ಬೇಕಾದರೂ ಕೊಡಬಹುದಿತ್ತು.

ಆಮೇಲೆ ಅವನು ಎದೆ ಗಟ್ಟಿ ಮಾಡಿಕೊಂಡು ಹೋಟೆಲಿಗೆ ಹೋದ. "ಪುಟ್ಟಣ್ಣ, ಬೆಳಿಗ್ಗೆ ಕೊಟ್ಟ ಚೆಕ್ಕು..."

ಪುಟ್ಟಣ್ಣ ಕೈ ಮುಗಿದು ಗೋಡೆ ತೋರಿಸಿದ. ಗಲ್ಲಾದ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ನಾನೂರು ರೂಪಾಯಿಯ ಚೆಕ್ಕು ನೇತಾಡುತ್ತಿತ್ತು.

"ಬ್ಯಾಂಕಿಗೆ ಹೊರಟಿದ್ದೆ ಸಾಬ್ರೇ. ದಾರೀಲಿ ದಿನಸಿ ಅಂಗಡಿಯೋನಿಗೆ ತೋರ್ಸಿದೆ. ನಿಮ್ಮ ಸಹಿ ನೋಡಿ ಒಂದು ತಿಂಗಳ ಸಾಮಾನು ಉದ್ರಿ ಕೊಟ್ಬಿಟ್ಟ. ತೋರ್ಸಿದ್ರೇ ಇಷ್ಟು ಕೆಲಸ ಆಗೋದಾದ್ರೆ ಮುರಿಸೋದು ಯಾಕೆ?"

ಶೇಷಮ್ಮ ತನ್ನ ಚೆಕ್ಕನ್ನು ದೇವರ ಗೂಡಿನಲ್ಲಿ ಕುಂಕುಮ ಹಚ್ಚಿ ಇಟ್ಟಿದ್ದಳಂತೆ. ಬೀಗರಿಗೆ ತೋರಿಸಿದ ಮೇಲೆ ಅವರು ದುಡ್ಡಿನ ಮಾತೇ ಎತ್ತಲಿಲ್ಲವಂತೆ. ಬಂಗಾರಪ್ಪ ತನ್ನದನ್ನು ಹಿಡಿದು ಮನೆಮನೆ ತಿರುಗಿ, "ಸಾಬ್ರೇ ಇನ್ನೂರು ಕೊಟ್ಟಿದಾರೆ, ನಿಮ್ಮದೆಷ್ಟು," ಎಂದು ಕೇಳಿ ಪರದೆಯ ಜೊತೆಗೆ ಕಿರೀಟಕ್ಕೂ ದುಡ್ಡು ಎತ್ತಿದ್ದನಂತೆ. ಇದನ್ನು ಹೇಳಲು ಇಬ್ಬರೂ ಹೋಟೆಲಿಗೇ ಬಂದರು. ಯಾರಿಗೂ ಬ್ಯಾಂಕಿಗೆ ಹೋಗುವ ಯೋಚನೆಯೇ ಇರಲಿಲ್ಲ.

ಖಾಜಾ ಪೀರನ ಎದೆಯ ಟ್ಯೂಬಿಗೆ ಮತ್ತೆ ಗಾಳಿ ಬಂತು. ತನ್ನ ಸಹಿಗೆ ದೇವರ ಗೂಡಿನಲ್ಲಿ ಜಾಗ ಸಿಕ್ಕಿದೆ. ವಾಪಸ್ ಕೇಳುವ ಅಗತ್ಯವೇ ಇಲ್ಲ. ಎಲ್ಲರಿಗೂ ಕಾಫಿ ಹೇಳಿದ.

ಕಾಫಿ ಬರುವ ಹೊತ್ತಿಗೆ ಸಂಜೆಯ ವಾಕಿಂಗ್ ಮುಗಿಸಿ ಏಜೆಂಟ್ ಕೃಷ್ಣಪ್ಪನವರು ಒಳಗೆ ಬಂದರು. ಕನ್ನಡಕ ಸರಿಮಾಡಿಕೊಂಡು ಗೋಡೆಯ ಚೌಕಟ್ಟನ್ನು ಓದಿದರು.

"ಇದೇನಯ್ಯಾ ಪುಟ್ಟಣ್ಣ, ಚೆಕ್ಕಿಗೆ ಕಟ್ಟು ಹಾಕಿಸಿದೀಯ? ಆರು ತಿಂಗಳು ದಾಟಿದ್ರೆ ಇದಕ್ಕೆ ಮೂರು ಕಾಸಿನ ಬೆಲೆ ಇಲ್ಲ."

ಪುಟ್ಟಣ್ಣ ಸ್ಟೂಲು ಹತ್ತಿ ಚೌಕಟ್ಟು ಇಳಿಸಿ, ಮೊಳೆ ಕಿತ್ತು, ಚೆಕ್ಕನ್ನು ಏಜೆಂಟರ ಕೈಗೆ ಕೊಟ್ಟ. ಶೇಷಮ್ಮ ಮನೆಗೆ ಹೋಗಿ ಕುಂಕುಮದ ಚೆಕ್ಕು ತಂದಳು. ಆ ವಯಸ್ಸಿನಲ್ಲಿ ಅವಳು ಅಷ್ಟು ವೇಗವಾಗಿ ನಡೆದದ್ದನ್ನು ಯಾರೂ ನೋಡಿರಲಿಲ್ಲ. ಬಂಗಾರಪ್ಪನದು ಜೇಬಿನಲ್ಲೇ ಇತ್ತು.

"ಯಾರೂ ಓಡಾಡೋದು ಬೇಡ. ಹಿಂದೆ ಸಹಿ ಹಾಕಿ ಕೊಡಿ. ನಾಳೆ ಬಾಗಿಲು ತೆಗೀತಿದ್ದ ಹಾಗೆ ನಾನೇ ಪಾಸ್ ಮಾಡಿಸ್ತೀನಿ. ನಮ್ಮ ಸಾಬ್ರ ಚೆಕ್ಕು ಅಂದ್ರೆ ಸುಮ್ನೆ ಅಲ್ಲ," ಎಂದು ಕೃಷ್ಣಪ್ಪನವರು ಮೂರನ್ನೂ ಕೋಟಿನ ಒಳಜೇಬಿಗೆ ಸೇರಿಸಿದರು. ಬಳಿಕ ಬಹಳ ಪ್ರೀತಿಯಿಂದ ಕೇಳಿದರು: "ಹೊರಗೆ ಬೇರೆ ಚೆಕ್ಕು ಯಾವುದೂ ಇಲ್ಲ ತಾನೆ ಸಾಬ್ರೇ? ಮಧ್ಯಾಹ್ನ ಭದ್ರಾವತಿಯೋರು ಯಾರೋ ವಿಚಾರಿಸಿದ್ರು. ಇದ್ರೆ ಹೇಳಿ. ಮಿತಿ ದಾಟಿ ವಾಪಸ್ ಹೋದ್ರೆ ನಿಮ್ಮ ಹೆಸರಿಗೆ ಕೆಟ್ಟದ್ದು."

ನಿಜ ಹೇಳಲು ಅವನಿಗೆ ಒಂದು ಗಳಿಗೆ ಸಿಕ್ಕಿತು. ಆ ಗಳಿಗೆಯಲ್ಲಿ ಅವನು ಪುಟ್ಟಣ್ಣನನ್ನು ನೋಡಿದ, ಶೇಷಮ್ಮನನ್ನು ನೋಡಿದ, ಬಂಗಾರಪ್ಪನನ್ನು ನೋಡಿದ. ಮೂವರೂ ಅವನನ್ನು ಊರಿನ ಸಾಹುಕಾರನನ್ನು ನೋಡುವ ಹಾಗೆ ನೋಡುತ್ತಿದ್ದರು.

"ಯಾವುದೂ ಇಲ್ಲ ಸಾರ್," ಎಂದ ಖಾಜಾ ಪೀರ್. "ಲೇತ್ ಸುಮ್ನೆ ನೋಡೋಕೆ ತರಿಸಿದ್ದು."

ಬಾಡಿಗೆ ಲಾರಿ ಇನ್ನೂ ಹೋಗಿರಲಿಲ್ಲ. ಹಮಾಲರು ಬೀಡಿ ಎಸೆದು, ಗೊಣಗುತ್ತಾ, ಎರಡನೆಯ ಕೂಲಿ ಮಾತಾಡಿಕೊಂಡು ಲೇತನ್ನು ಮತ್ತೆ ಹೇರಿದರು. ಮೊದಲಿಯಾರರು ಚೆಕ್ಕನ್ನು ಬ್ಯಾಂಕಿಗೆ ಹಾಕುವ ಮೊದಲೇ ವಾಪಸ್ ಪಡೆಯಬೇಕು. ಅದೊಂದು ಕೈಗೆ ಸಿಕ್ಕರೆ ಹೆಸರಾದರೂ ಉಳಿಯುತ್ತದೆ. ಕರೀಮಾಬಿ ಬಾಗಿಲಲ್ಲಿ ನಿಂತು, "ಧೂಳು ಒರೆಸೋ ಮೊದಲೇ ಹೇಳ್ಬಾರದಿತ್ತಾ?" ಎಂದಷ್ಟೇ ಕೇಳಿದಳು.

ಪುಟ್ಟಣ್ಣ ಟವೆಲಿನಲ್ಲಿ ಕೈ ಒರೆಸುತ್ತಾ ಲಾರಿಯ ಹತ್ತಿರ ಬಂದ. "ಇದೇನ್ ಸಾಬ್ರೇ, ತಂದಿದ್ದು ವಾಪಸ್ ಹೊರಡ್ತಲ್ಲ?"

ಖಾಜಾ ಪೀರ್ ಡ್ರೈವರ್ ಪಕ್ಕ ಹತ್ತಿ ಕೂತು ಕೋಟಿನ ಗುಂಡಿ ಹಾಕಿಕೊಂಡ. "ಚಿಕ್ಕದಾಯ್ತು ಪುಟ್ಟಣ್ಣ. ನಮ್ಮ ಕೆಲಸಕ್ಕೆ ದೊಡ್ಡದೇ ಬೇಕು."

ಪುಟ್ಟಣ್ಣನ ಕಣ್ಣು ಅರಳಿತು. ಲಾರಿ ಚಾಲೂ ಆಗುವಷ್ಟರಲ್ಲಿ ಅವನು ಕಿಟಕಿಗೆ ಜೋತುಬಿದ್ದು ಹೇಳಿದ:

"ಹಂಗಾದ್ರೆ ನನ್ನ ನಾನೂರರ ರುಬ್ಬೋ ಮಿಷಿನ್ನೂ ಚಿಕ್ಕದೇ ಆಯ್ತು ಸಾಬ್ರೇ. ನಾಳೆ ಬೆಳಿಗ್ಗೆ ಕಾಫಿಗೆ ಬನ್ನಿ, ಬರ್ತಾ ಆ ಚೆಕ್ ಪುಸ್ತಕ ತನ್ನಿ."