ತೊಂಬತ್ತೆರಡು ಗ್ರಾಮಿನ ಪಂಪು

ನನಗೆ ಒಂದು ಕಾಲದಲ್ಲಿ ಗ್ರಾಮಿನ ಹುಚ್ಚು ಹಿಡಿದಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗ್ರಾಮು ಎಂದರೆ ಹಳ್ಳಿಯಲ್ಲ, ತೂಕ. ಹಲ್ಲುಜ್ಜುವ ಬ್ರಶ್ಶಿನ ಹಿಡಿಕೆಯನ್ನು ಅರ್ಧಕ್ಕೆ ಕತ್ತರಿಸಿದವನು ನಾನು. ಚಡ್ಡಿಯ ಒಳಗಿನ ಕಂಪನಿ ಚೀಟಿ ಕಿತ್ತು, ಅದರಿಂದ ಎಷ್ಟು ಹಗುರಾಯಿತು ಎಂದು ಯೋಚಿಸಿದವನೂ ನಾನೇ. ಸೈಕಲ್ಲಿಗೆ ಚೀಲ ಕಟ್ಟಿಕೊಂಡು, ಡೇರೆ ಹಾಸಿಗೆ ಸಮೇತ ಊರೂರು ತಿರುಗುವವರಿಗೆ ಈ ರೋಗ ಬರುತ್ತದಂತೆ. ನನಗೆ ತಿರುಗುವ ಮೊದಲೇ ಬಂದಿತ್ತು. ಕೋಟದ ಹತ್ತಿರದ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರಾಗಿರುವುದರಿಂದ ರೋಗ ಸ್ವಲ್ಪ ಜೋರಾಗಿಯೇ ಇತ್ತು.

ತಿರುಗಾಟಕ್ಕೆ ಹೊರಟದ್ದೇನೋ ಎರಡು ಸಲ. ಮೊದಲ ಸಲ ಹಾಲಾಡಿಯಲ್ಲಿ ಚೈನು ತುಂಡಾಯಿತು. ಎರಡನೆಯ ಸಲ ಬ್ರಹ್ಮಾವರ ದಾಟುವ ಮೊದಲೇ ಟ್ಯೂಬಿಗೆ ಮುಳ್ಳು ಹೊಕ್ಕಿತು. ಎರಡು ಸಲವೂ ನಾನು ಹೆಂಡತಿ ಗುಲಾಬಿಗೆ ಫೋನು ಮಾಡಿದೆ, ಅವಳು ತನ್ನ ತಮ್ಮ ಶೇಖರನಿಗೆ ಹೇಳಿದಳು, ಅವನು ಮೀನಿನ ಟೆಂಪೋ ತಂದು ನನ್ನನ್ನು ಮುಂದೆ, ಸೈಕಲ್ಲನ್ನು ಹಿಂದೆ ಬಂಗುಡೆ ಪೆಟ್ಟಿಗೆಗಳ ಮೇಲೆ ಹಾಕಿಕೊಂಡು ಮನೆ ಮುಟ್ಟಿಸಿದ. ಆಮೇಲೆ ಎಂಟು ದಿನ ನಮ್ಮ ವಠಾರದ ಅಷ್ಟೂ ಬೆಕ್ಕುಗಳು ಸೈಕಲ್ಲಿನ ಸೀಟು ನೆಕ್ಕಿದವು. ಒಂಬತ್ತನೆಯ ದಿನ ಗುಲಾಬಿ ತೀರ್ಪು ಕೊಟ್ಟಳು. "ಇನ್ನೊಂದ್ ಸಲ ಹೋಯ್ನಿ, ನಾ ಬ್ಯಾಡ ಅಂಬುದಿಲ್ಲ. ಆರೆ ಮೂರ್ನೇ ಸಲ ಫೋನ್ ಮಾಡಿರೆ ಆ ಸೈಕಲ್ ನಿಮ್ದಲ್ಲ. ಯಾರಿಗಾರೂ ಕೊಟ್ ಬಿಡ್ತೆ."

ಗುಲಾಬಿ ಹೇಳಿದರೆ ಹೇಳಿದ್ದೇ. ಅವಳ ಅಪ್ಪ ಇಪ್ಪತ್ತು ವರ್ಷ ಗಂಗೊಳ್ಳಿಯಿಂದ ಸೈಕಲ್ಲಿನಲ್ಲಿ ಮೀನು ಹೊತ್ತು ಒಳನಾಡಿನ ಹಳ್ಳಿಗಳಿಗೆ ಮಾರಿದವರು. ಹಿಂದಿನ ಕ್ಯಾರಿಯರಿನಲ್ಲಿ ಮಂಜುಗಡ್ಡೆ ಸಮೇತ ಒಂದು ಮನುಷ್ಯನ ತೂಕದ ಪೆಟ್ಟಿಗೆ, ಹ್ಯಾಂಡಲಿಗೆ ಪೋಂ ಪೋಂ ಹಾರ್ನು. ಅಂಥವರ ಮಗಳಿಗೆ ತೊಂಬತ್ತು ಗ್ರಾಮು, ನೂರು ಗ್ರಾಮು ಎಂದು ತಲೆಕೆಡಿಸಿಕೊಳ್ಳುವ ಗಂಡ ಸಿಕ್ಕಿದ್ದಕ್ಕೆ ನನಗೆ ಅವಳ ಮೇಲೆ ಕನಿಕರವಿದೆ. ಆದರೆ ಸೈಕಲ್ಲು ಕಳೆದುಕೊಳ್ಳುವ ಯೋಚನೆ ಬಂದಾಗ ಆ ಕನಿಕರವೆಲ್ಲ ನನ್ನ ಮೇಲೆಯೇ ತಿರುಗಿತು. ಶಾಲೆ, ಉತ್ತರಪತ್ರಿಕೆ, ಮದುವೆ ಮನೆಯ ಊಟ ಇಷ್ಟರಲ್ಲೇ ಮುಗಿಯುವ ಬದುಕಿನಲ್ಲಿ ನನ್ನದೆಂದು ಇದ್ದದ್ದು ಅದೊಂದೇ.

ಆದ್ದರಿಂದ ಟ್ಯೂಬನ್ನೇ ತೆಗೆಸಿ ಟ್ಯೂಬ್‌ಲೆಸ್ ಟಯರು ಹಾಕಿಸಿದೆ. ಇದರಲ್ಲಿ ಟಯರಿನ ಒಳಗೆ ಬಿಳಿ ದ್ರವವೊಂದು ಇರುತ್ತದೆ. ಮುಳ್ಳು ಚುಚ್ಚಿದರೆ ಅದೇ ಹೋಗಿ ತೂತು ಮುಚ್ಚುತ್ತದೆ. "ಕಾಯ್ಹಾಲ್ ಕಂಡಂಗ್ ಇತ್ತಲೆ, ಬಾಟ್ಲಿ ಅಡ್ಗಿಮನಿಯಗೆ ಇಡ್ಬೇಡಿ" ಎಂದಳು ಗುಲಾಬಿ. ಆದರೆ ಟಯರಿನ ಅಂಚು ರಿಮ್ಮಿನಿಂದ ಕಳಚಿಕೊಂಡರೆ ಮಾತ್ರ ಕಷ್ಟ. ಅದನ್ನು ಮತ್ತೆ ಕೂರಿಸಲು ಒಂದೇ ಸಲಕ್ಕೆ ಧಾರಾಳವಾಗಿ ಗಾಳಿ ನುಗ್ಗಬೇಕು. ಮನೆಯಲ್ಲಿ ನಿಂತು ಹೊಡೆಯುವ ದೊಡ್ಡ ಪಂಪಿನಲ್ಲಿ ನಾನು ಗಾಳಿ ಹೊಡೆಯುವಾಗ ಚಕ್ರ ಹಿಡಿದು ನಿಲ್ಲುತ್ತಿದ್ದವಳು ಗುಲಾಬಿಯೇ. ದಾರಿಗೆ ಆ ದೊಡ್ಡ ಪಂಪು ಒಯ್ಯಲಾಗುತ್ತದೆಯೇ? ಸಣ್ಣದೊಂದು ಬೇಕಲ್ಲ!

ಬ್ರಹ್ಮಾವರದ ಸೈಕಲ್ ಅಂಗಡಿಯವರು ಪುಣ್ಯಾತ್ಮರು. "ಮೂರೂ ತಕ ಹೋಯಿ ಕಾಣಿ, ಆಯ್ದದ್ ಇಟ್ಕಣಿ" ಎಂದು ಮೂರು ಪಂಪು ಕೊಟ್ಟರು. ಒಂದು ನನ್ನ ಗೇಣಿಗಿಂತ ಚಿಕ್ಕದು. ಇನ್ನೊಂದು ಉದ್ದನೆಯದು, ತುದಿಯಲ್ಲಿ ಕಾಲಿಟ್ಟು ಒತ್ತಲು ಮಡಚುವ ಪಾದ, ಜೊತೆಗೊಂದು ರಬ್ಬರ್ ನಳಿಗೆ. ಮೂರನೆಯದು ಗ್ಯಾಸು ತುಂಬಿದ ಪುಟ್ಟ ಉರುಟು ಡಬ್ಬಿ, ಚುಚ್ಚಿದರೆ ಭುಸ್ಸೆಂದು ಒಮ್ಮೆಗೇ ಖಾಲಿ. ಅದು ಆ ಬಿಳಿ ದ್ರವವನ್ನು ಹಾಳು ಮಾಡುವುದೂ ಉಂಟಂತೆ. ಹೊರಡುವಾಗ ಅಂಗಡಿಯವರು, "ಮಾಷ್ಟ್ರೇ, ನಿಮ್ದ್ ದಪ್ಪ ಟಯರ್. ಅದ್ಕೆ ಗಾಳಿ ಜಾಸ್ತಿ ಬೇಕ್. ಕಾಲ್ ಇಪ್ಪ ಪಂಪೇ ತಕಣಿ" ಎಂದರು. ಸರಿಯಾದ ಸಲಹೆಯನ್ನು ಯಾರಾದರೂ ಪುಕ್ಕಟೆಯಾಗಿ ಕೊಟ್ಟರೆ ನನಗೆ ನಂಬಿಕೆ ಬರುವುದಿಲ್ಲ, ಇದು ನನ್ನ ಹುಟ್ಟುಗುಣ.

ನನಗೆ ಬೇಕಾದದ್ದು ತೂಕ. ಮನೆಯ ತಕ್ಕಡಿ ಗ್ರಾಮು ತೋರಿಸದು. ಹಾಗಾಗಿ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಕುಂದಾಪುರದ ಮೀನು ಮಾರ್ಕೆಟ್ಟಿಗೆ ಹೋದೆ. ಅಲ್ಲಿ ನಮಗೆ ಖಾಯಂ ಮೀನು ಕೊಡುವ ಲಚ್ಚಮ್ಮನ ಹತ್ತಿರ ಹೊಸ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಸಿಗಡಿ ರಾಶಿಯನ್ನು ಪಕ್ಕಕ್ಕೆ ಸರಿಸಿ ಚಿಕ್ಕ ಪಂಪನ್ನು ತಟ್ಟೆಯಲ್ಲಿಟ್ಟಳು. "ಇದೆಂತ ಮೀನ್ ಮಾಷ್ಟ್ರೇ? ಮುಳ್ಳೂ ಇಲ್ಲ, ಮಾಂಸವೂ ಇಲ್ಲ!" ಸುತ್ತಲಿನ ಹೆಂಗಸರೆಲ್ಲ ಕತ್ತಿ ಕೆಳಗಿಟ್ಟು ನೋಡಲು ಬಂದರು. ತೊಂಬತ್ತೆರಡು ಗ್ರಾಮು. ಕಾಲಿನ ಪಂಪು ಇನ್ನೂರ ಎಂಬತ್ತು. "ಕಾಂಬುಕೆ ದೊಡ್ಡದೇ ಒಳ್ಳೇದಿತ್ತ್, ಅದನ್ನೇ ತಕಣಿ" ಎಂದು ಮಾರ್ಕೆಟ್ಟು ಒಕ್ಕೊರಲಿನಿಂದ ತೀರ್ಪು ಕೊಟ್ಟಿತು. ನಾನು ಚಿಕ್ಕದನ್ನು ಆರಿಸಿದೆ. ಅಷ್ಟಕ್ಕೇ ನಿಲ್ಲಿಸದೆ, ಪೆಟ್ರೋಲ್ ಬಂಕಿನ ಗಾಳಿ ಹಾಕಿಸಲು ವಾಲ್ವಿನ ಮೇಲೆ ತಿರುಗಿಸಿ ಕೂರಿಸುವ, ನಡುವೆ ತೂತಿರುವ ಹಿತ್ತಾಳೆಯ ಬಿರಡೆಯನ್ನೂ, ಬಿಳಿ ದ್ರವದ ಬಾಟಲಿಯನ್ನೂ ಮನೆಯಲ್ಲೇ ಬಿಟ್ಟೆ. ಆ ರಾತ್ರಿ ನೂರು ವರ್ಷದ ಯೋಗಿಯ ಹಾಗೆ ಹಗುರವಾಗಿ ನಿದ್ದೆ ಮಾಡಿದೆ.

ಆಮೇಲೆ ಆದದ್ದಕ್ಕೆ ತಪ್ಪು ಪಂಪಿನದಲ್ಲ ಎಂದು ಈಗಲೂ ವಾದಿಸಬಲ್ಲೆ. ತಪ್ಪು ಏನೆಂದರೆ, ದಾರಿಯನ್ನು ನೆಂಟರಿಗೆ ಹೇಳಿದ್ದು. ಕೋಟದಿಂದ ಕೊಕ್ಕರ್ಣೆ, ಅಲ್ಲಿಂದ ಒಳರಸ್ತೆಯಲ್ಲಿ ವಂಡ್ಸೆ, ಆಮೇಲೆ ಬೈಂದೂರು, ಕಡಲ ಬದಿಯಲ್ಲಿ ಡೇರೆ. ನಮ್ಮ ಕಡೆ ಹತ್ತು ಮೈಲಿಗೊಂದು ನೆಂಟರ ಮನೆ ಇರುತ್ತದೆ. ಮನೆಯ ಎದುರು ಹಾದು ಒಳಗೆ ಹೋಗದಿದ್ದರೆ ಮೂರು ತಲೆಮಾರಿನ ಮುನಿಸು. ಒಳಗೆ ಹೋದರೆ ಬರಿಗೈಯಲ್ಲಿ ಬಿಡುವುದಿಲ್ಲ.

ಕೊಕ್ಕರ್ಣೆಯ ಚಿಕ್ಕಮ್ಮ ನನ್ನನ್ನು ಕಂಡದ್ದೇ, "ಹ್ವಾಯ್, ಬೈಂದೂರಿಗ್ ಹೋಪದಲ್ದಾ! ಅಕ್ಕನ ಮನಿಗೆ ಎರಡ್ ಸೌತಿಕಾಯಿ ಕೊಡ್ತೆ, ಮುಟ್ಸ್" ಎಂದರು. ಅವರ ಜಗಲಿಯ ಮಾಡಿನ ತುಂಬ, ಬಲಿತ ಸಾಂಬಾರು ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಸಾಲಾಗಿ ತೂಗಿಬಿಟ್ಟಿದ್ದರು. ವರ್ಷವಿಡೀ ಕೆಡದಂತೆ ಇಡುವ ಕ್ರಮ ಅದು. "ಚಿಕ್ಕಮ್ಮ, ನನ್ನ ಲೆಕ್ಕವೆಲ್ಲ ತಪ್ತದೆ" ಎಂದೆ. "ಎಂತ ಲೆಕ್ಕ? ಚೀಲದಗೆ ಹಾಕಿರೆ ಜಜ್ಜಿ ಹೋತ್ತ್. ಸೈಕಲ್ಲಿಗೇ ತೂಗ್ತೆ" ಎಂದು, ಎರಡಲ್ಲ, ಐದು ಸೌತೆಕಾಯಿಗಳನ್ನು ಅದೇ ಕ್ರಮದಲ್ಲಿ ನನ್ನ ಸೈಕಲ್ಲಿನ ಚೌಕಟ್ಟಿಗೆ, ಹ್ಯಾಂಡಲಿಗೆ, ಸೀಟಿನ ಹಿಂದಕ್ಕೆ ತೂಗಿಬಿಟ್ಟರು. ಚಡ್ಡಿಯ ಚೀಟಿ ಕಿತ್ತವನು ಕಣ್ಣು ತುಂಬಿ ನೋಡುತ್ತಾ ನಿಂತೆ. ಮುಂದಿನ ಮನೆಯಲ್ಲಿ ನಾಲ್ಕು ತೆಂಗಿನಕಾಯಿ, ಅದರ ಮುಂದಿನ ಮನೆಯಲ್ಲಿ ಹಪ್ಪಳದ ಡಬ್ಬ. ಡಬ್ಬ ವಾಪಸು ಕೊಡಬೇಕೆಂಬ ತಾಕೀತು ಬೇರೆ.

ವಂಡ್ಸೆ ಇನ್ನೇನು ಬಂತು ಎನ್ನುವಾಗ ಇಳಿಜಾರಿನಲ್ಲಿ ಹಿಂದಿನ ಚಕ್ರ ಕಲ್ಲಿಗೆ ಬಡಿಯಿತು. ಅಷ್ಟು ಭಾರಕ್ಕೆ ಟಯರು ರಿಮ್ಮು ಬಿಟ್ಟು ಈಚೆ ಬಂತು. ಬಿಳಿ ದ್ರವವೆಲ್ಲ ರಸ್ತೆಗೆ. ನಾನು ಸಮಾಧಾನದಿಂದ ಸೌತೆಕಾಯಿ ಬಿಚ್ಚಿ ಮೋರಿಯ ಮೇಲೆ ಸಾಲಾಗಿಟ್ಟೆ. ಫೋನನ್ನು ಆಫ್ ಮಾಡಿ ಚೀಲದ ತಳಕ್ಕೆ ತುರುಕಿದೆ. ಪಂಪು ತೆಗೆದು ಹೊಡೆಯತೊಡಗಿದೆ, ಲೆಕ್ಕ ಇಡುತ್ತಾ. ಇನ್ನೂರು ಹೊಡೆತಕ್ಕೆ ಟಯರು ಅಲುಗಲಿಲ್ಲ. ಒಳಗೆ ಹೋದ ಗಾಳಿ ಹೋದಷ್ಟೇ ನಿಧಾನವಾಗಿ ಸಂದಿಯಿಂದ ಹೊರಗೆ ಬರುತ್ತಿತ್ತು.

ಅಷ್ಟರಲ್ಲಿ ಕುಂದಾಪುರದ ಕಡೆಯಿಂದ ಬಂದ ಖಾಸಗಿ ಬಸ್ಸೊಂದು ನಿಂತಿತು. ಕಂಡಕ್ಟರು ಇಳಿದು, "ಎಂತ ಮಾರಾಯ್ರೆ, ಸೌತಿಕಾಯಿ ಮಾರ್ತ್ರಿಯಾ?" ಎಂದ. ವಿಷಯ ತಿಳಿದದ್ದೇ, "ಕೊಡಿ ಇಲ್ಲ್" ಎಂದು ಪಂಪು ಕಸಿದುಕೊಂಡು ಐವತ್ತು ಹೊಡೆದ. ಅವನಿಗೆ ಸಾಕಾದಾಗ ಡ್ರೈವರು. ಆಮೇಲೆ ಪ್ರಯಾಣಿಕರು ಒಬ್ಬೊಬ್ಬರಾಗಿ ಇಳಿದರು. ಬಿಳಿ ಪಂಚೆಯ ಹಿರಿಯರೊಬ್ಬರು ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿ, "ಒಬ್ಬೊಬ್ರಿಗ್ ಇಪ್ಪತ್ತ್, ಜಾಸ್ತಿ ಇಲ್ಲ" ಎಂದು ನಿಯಮ ಮಾಡಿದರು. ಗುಡಿಗೆ ಹೊರಟಿದ್ದ ನವದಂಪತಿ ಜೊತೆಯಾಗಿ ಹೊಡೆದರು. ಪಂಪು ಕೈಸುಡುವಷ್ಟು ಬಿಸಿಯಾದಾಗ ಯಾರೋ ಕುಡಿಯುವ ನೀರು ಹೊಯ್ದು ತಣಿಸಿದರು. ಹಿಂದೆ ಸಿಕ್ಕಿಕೊಂಡ ಎರಡನೆಯ ಬಸ್ಸಿನವರು ಹಾರ್ನು ಹೊಡೆದು ಹೊಡೆದು, ಕೊನೆಗೆ ಇಳಿದು ಬಂದು ಸಾಲಿನ ಬಾಲಕ್ಕೆ ನಿಂತರು. ಏಳುನೂರ ನಲವತ್ತನೆಯ ಹೊಡೆತಕ್ಕೆ ಹಿರಿಯರು ಟಯರನ್ನು ಒತ್ತಿ ನೋಡಿ, "ಹಪ್ಳದಂಗೆ ಇದ್ದದ್ ಹಂಗೇ ಇತ್ತ್" ಎಂದು ಸಭೆ ಬರಖಾಸ್ತು ಮಾಡಿದರು.

ಬಸ್ಸುಗಳು ಹೋದವು. ಮೋರಿಯ ಮೇಲೆ ನಾನು, ಐದು ಸೌತೆಕಾಯಿ. ವಂಡ್ಸೆಯ ಬೈಕ್ ರಿಪೇರಿ ಅಂಗಡಿಯಲ್ಲಿ ಕಂಪ್ರೆಸರ್ ಇತ್ತು, ತಳ್ಳಿಕೊಂಡು ಹೋಗಬಹುದಿತ್ತು. ಆದರೆ ಅದರ ಗಾಳಿ ನನ್ನ ವಾಲ್ವಿಗೆ ಹೋಗಲು ಆ ಹಿತ್ತಾಳೆಯ ಬಿರಡೆ ಬೇಕು. ಅದನ್ನು ಮನೆಯಲ್ಲಿ ಬಿಟ್ಟು ಉಳಿಸಿದ ತೂಕ ಐದು ಗ್ರಾಮು. ಅಳು ಬಂತು, ನಿಜವಾಗಿ. ಆದರೂ ಚೀಲದ ತಳಕ್ಕೆ ಕೈ ಹಾಕಲಿಲ್ಲ. ರಾತ್ರಿಯಾದರೂ ಸರಿ, ಇಲ್ಲೇ ಡೇರೆ ಹಾಕಿ ಸೌತೆಕಾಯಿ ತಿಂದುಕೊಂಡಿರುತ್ತೇನೆ ಎಂದು ಹಟ ಹಿಡಿದು ಕೂತೆ.

ಒಂದು ಗಂಟೆಯಲ್ಲಿ ಮೀನಿನ ಟೆಂಪೋ ಬಂತು. ಶೇಖರನ ಪಕ್ಕದಿಂದ ಚೂಡಿದಾರದಲ್ಲಿದ್ದ ಗುಲಾಬಿ ಇಳಿದಳು, ಕೈಯಲ್ಲಿ ಮನೆಯ ದೊಡ್ಡ ಪಂಪು. "ನಾನು ಫೋನ್ ಮಾಡಿಲ್ಲ!" ಎಂದು ದೂರದಿಂದಲೇ ಕೂಗಿದೆ. "ನೀವ್ ಮಾಡ್ಲಿಲ್ಲ ಸೈ," ಎಂದಳು. "ಎರಡ್ ಬಸ್ಸಗೂ ಗುರ್ತದವ್ರ್ ಇದ್ದಿರ್, ಅವ್ರೆಲ್ಲ ಮಾಡ್ರ್. ಮಾಷ್ಟ್ರು ವಂಡ್ಸಿಯಗೆ ಸೌತಿಕಾಯಿ ಅಂಗ್ಡಿ ಇಟ್ಟಿರ್ ಅಂದೇಳಿ ನಂಗ್ ಹದ್ನೇಳ್ ಫೋನ್ ಬಂತ್."

ಹೆಚ್ಚು ಮಾತಾಡದೆ ಕೆಲಸಕ್ಕೆ ಇಳಿದಳು. ಮನೆಯಿಂದ ತಂದಿದ್ದ ಬಾಟಲಿಯ ಬಿಳಿ ದ್ರವ ಟಯರಿನೊಳಗೆ ಹೊಯ್ದಳು, ಶೇಖರ ಮೀನಿನ ಪೆಟ್ಟಿಗೆ ತೊಳೆಯಲು ಇಟ್ಟಿದ್ದ ಸೋಪಿನ ನೀರನ್ನು ಟಯರಿನ ಅಂಚಿಗೆ ಸವರಿದಳು, ಪಂಪಿನ ಮೇಲೆ ಎರಡೂ ಕಾಲಿಟ್ಟು ನಿಂತು ದಬದಬನೆ ಹೊಡೆದಳು. ಹದಿನೈದನೆಯ ಹೊಡೆತಕ್ಕೆ ಟಕ್, ಟಕ್ ಎಂದು ಟಯರು ರಿಮ್ಮಿಗೆ ಕೂತಿತು. ನಾನು ಮನೆಯಲ್ಲಿ ಅವಳು ಮಾಡುತ್ತಿದ್ದುದನ್ನು ನೆನಪಿಸಿಕೊಂಡು ಚಕ್ರ ಹಿಡಿದು ನಿಂತಿದ್ದೆ. ಈ ಸಲ ಹಿಡಿಯುವ ಕೆಲಸ ನನ್ನದು, ಅಷ್ಟೇ ವ್ಯತ್ಯಾಸ.

ಷರತ್ತು ಮುರಿಯಿತೋ ಇಲ್ಲವೋ ಎಂಬ ಪ್ರಶ್ನೆ ಎದ್ದಿತು. ಫೋನು ಮಾಡದ್ದರಿಂದ ಸೈಕಲ್ಲು ನನ್ನದೇ ಎಂದು ನಾನು ವಾದಿಸಿದೆ. ಶೇಖರ, "ಬಾವ ಹೇಳುದೂ ಸೈಯೇ" ಎಂದ. ಗುಲಾಬಿ ಸೀಟಿನ ಎತ್ತರ ಇಳಿಸುತ್ತಾ, "ಸೈಕಲ್ ನಿಮ್ದೇ, ಯಾರ್ ಇಲ್ಲ ಅಂದ್ರ್? ಆರೆ ಬೈಂದೂರ್ ಮುಟ್ಕಲ್ದಾ? ಅಷ್ಟ್ ಸಲ ಗಾಳಿ ಹೊಡ್ದ್ ನಿಮ್ಗ್ ಕೈ ಎತ್ತೂಕಾತಿಲ್ಲ. ನಾ ಮುಟ್ಸ್ತೆ. ನೀವ್ ಸೌತಿಕಾಯಿ ತಕಂಡ್ ಟೆಂಪೋದಗೆ ಬನ್ನಿ" ಎಂದವಳು ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ಹತ್ತಿಯೇಬಿಟ್ಟಳು. ಅಪ್ಪನ ಮೀನಿನ ಸೈಕಲ್ಲಿನಲ್ಲಿ ಕಲಿತ ಕಾಲು, ಮರೆತಿರಲಿಲ್ಲ. ತಿರುವಿನಲ್ಲಿ ಮಾಯವಾಗುವಾಗ ಬಾಯಲ್ಲೇ ಪೋಂ ಪೋಂ ಎಂದದ್ದು ನನಗೆ ಕೇಳಿಸಿತು.

ಬೈಂದೂರಿನ ಕಡಲ ಬದಿಯಲ್ಲಿ ಅವಳು ಬಂದು ಇಳಿದಾಗ ಮುಖ ಕೆಂಪಾಗಿ, ಕೂದಲು ಕೆದರಿ, ಮದುವೆಯ ಹೊಸತರಲ್ಲಿ ನೋಡಿದ ನಗುವೊಂದು ಇತ್ತು. ನನಗೆ ಹೊಟ್ಟೆಕಿಚ್ಚಾಯಿತು. ಖುಷಿಯೂ ಆಯಿತು. ಇಪ್ಪತ್ತೆರಡು ವರ್ಷದಲ್ಲಿ ಸೈಕಲ್ ಬೇಕೇ ಎಂದು ನಾನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಈಗ ರಜೆ ಬಂದರೆ ತಿರುಗಾಟಕ್ಕೆ ಹೋಗುವವಳು ಅವಳೇ. ಮೊದಲ ಸಲ ಹೊರಡುವ ಮುನ್ನಾದಿನ ಚೀಲಗಳನ್ನು ಹರಡಿಕೊಂಡು ಕೂತಾಗ ನಾನು ಮೇಷ್ಟ್ರ ಗತ್ತಿನಲ್ಲಿ ಪಾಠ ಮಾಡಿದೆ. ಪ್ರತಿ ವಸ್ತುವನ್ನೂ ಎದುರಿಗಿಟ್ಟು, ಇದು ದಾರಿಯಲ್ಲಿ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿಕೊಳ್ಳಬೇಕು, ಬರದಿದ್ದರೆ ಮುಲಾಜಿಲ್ಲದೆ ಬಿಡಬೇಕು, ಹೆಚ್ಚು ಭಾರದ್ದನ್ನು ಮೊದಲು ಬಿಡಬೇಕು ಎಂದೆ. ಅವಳು ತಾನೇ ಅಂಗಡಿಗೆ ಹೋಗಿ ತಂದಿದ್ದ ಕಾಲಿನ ಪಂಪನ್ನು ತೂಗದೆಯೇ ಚೀಲಕ್ಕೆ ಹಾಕಿದಳು. ಬಿರಡೆ ಹಾಕಿದಳು, ಹಪ್ಪಳ ಕೂಡ ಹಾಕಿದಳು. ಆಮೇಲೆ ತಲೆಯೆತ್ತಿ, ಎದುರಿಗೆ ಕೂತಿದ್ದ ಎಪ್ಪತ್ತೆಂಟು ಕಿಲೋದ ನನ್ನನ್ನು ಒಂದು ಗಳಿಗೆ ನೋಡಿ, "ನೀವ್ ಇಲ್ಲೇ ಇದ್ದ್ ಮನಿ ಬದಿ ಕಂಡ್ಕಣಿ" ಎಂದಳು.