ಹಣ್ಣಾಗಬಾರದ ದ್ರಾಕ್ಷಿ

ನವನಗರದ ಆ ಮನೆಯ ದ್ರಾಕ್ಷಿ ಯಾವಾಗ ಹಣ್ಣಾದೀತೆಂದು ಓಣಿಯೆಲ್ಲ ಕಾಯುತ್ತಿತ್ತು, ಶಶಿಕುಮಾರನೊಬ್ಬನನ್ನು ಬಿಟ್ಟು. ಅವನು ಕೆಳಗಿನ ಮನೆಯ ಬಾಡಿಗೆದಾರ. ಮೇಲಿದ್ದ ಮಾಲಕಿ ಲಕ್ಷ್ಮೀಬಾಯಿ ಅವನಿಗೆ ಸಂಕ್ರಾಂತಿಯ ಹೊತ್ತಿಗೇ ಹೇಳಿದ್ದರು: "ಅಳಿಯ ಮಿಲಿಂದ ಮನಿ ಮಾರಸಾಕತ್ತಾನ. ಈ ಸಲದ ದ್ರಾಕ್ಷಿ ಹಣ್ಣಾಗಿ, ತಿಂದ ಮ್ಯಾಲೇನ ಮನಿ ಬಿಡೂದು ಅಂತ ಮಾತಾಗೇದ. ಅಲ್ಲೀತನಕ ಇರಪಾ. ಆಮ್ಯಾಲೆ ನಾನೂ ಕೇಶ್ವಾಪುರದ ಮಗಳ ಮನಿಗಿ ಆರಾಮ ಹೋಗ್ತೇನಿ. ಅಲ್ಲೆ ಲಿಫ್ಟ್ ಅದ!"

ಆ ದ್ರಾಕ್ಷಿ ಬಳ್ಳಿ ನೆಟ್ಟವಳು ಶಶಿಕುಮಾರನ ಹೆಂಡತಿ ಕರುಣಾ. ಹೋದ ವರ್ಷ ಅವಳು ತೀರಿಕೊಂಡಳು, ಬಳ್ಳಿ ಉಳಿಯಿತು. ಮನೆ ಕೊಂಡವರು ಅದನ್ನು ಕಿತ್ತು ಕಾರು ನಿಲ್ಲಿಸುತ್ತಾರೆಂದು ನೆನೆದರೇ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಕಚೇರಿಗೆ ಬಂದಿದ್ದ ವಿಜಯಪುರದ ಬೆಳೆಗಾರನೊಬ್ಬ ಒಂದು ಸಂಗತಿ ಹೇಳಿದ. ಬೇಸಿಗೆಯಲ್ಲಿ ಗೊನೆಯ ಮೇಲಿನ ಎಲೆ ಸ್ವಲ್ಪ ಸವರಿದರೆ ಕಾಯಿಗೆ ಸಿಹಿ ನಿಧಾನವಾಗಿ ಇಳಿಯುತ್ತದೆ, ಹಣ್ಣಾಗುವುದು ತಡವಾಗುತ್ತದೆ. ಶಶಿಕುಮಾರ ಇದನ್ನು ಪಕ್ಕದ ಮನೆಯ ನಿವೃತ್ತ ಮಾಸ್ತರ ವೆಂಕಣ್ಣನಿಗೆ ಹೇಳಿದ. ವೆಂಕಣ್ಣನ ಕಿವಿ ಮಂದ, ಹಾಗಾಗಿ ಮೆಟ್ಟಿಲ ಬಳಿ ನಿಂತು ಒದರಿಯೇ ಹೇಳಿದ. ತಾನು ಮಾಡಲಿರುವುದನ್ನು ಮಾತ್ರ ಬಾಯಿಬಿಡಲಿಲ್ಲ.

ಅಂದಿನಿಂದ ಕರುಣಾಳ ಹೊಲಿಗೆ ಕತ್ತರಿಯಿಂದ ನಾಲ್ಕಾರು ಎಲೆ ಸವರುವುದು, ಊಟದ ಚೀಲದಲ್ಲಿ ಬಚ್ಚಿಡುವುದು, ಕಚೇರಿಯ ದಾರಿಯಲ್ಲಿ ಚೆಲ್ಲುವುದು. ತಲೆ ಎತ್ತಿ ನೋಡುವ ಧೈರ್ಯ ಕಳ್ಳನಿಗೆಲ್ಲಿಂದ ಬರಬೇಕು?

ಒಂದು ದಿನ ಬೆಳಿಗ್ಗೆ ಅಕಸ್ಮಾತ್ ತಲೆ ಎತ್ತಿದ. ಬಳ್ಳಿ ತಿರುಪತಿಗೆ ಹೋಗಿಬಂದವರ ತಲೆಯ ಹಾಗೆ ಬೋಳಾಗಿತ್ತು. ಇಷ್ಟು ತಾನು ಸವರಿರಲಿಲ್ಲ! ಅವನ "ಅಯ್ಯಯ್ಯೋ" ಕೇಳಿ ಎದುರುಮನೆಯ ಗೌರಕ್ಕ ತಂಬಿಗೆ ಹಿಡಿದು ಓಡಿಬಂದಳು.

"ಹುಳ ಬಿದ್ದೈತ್ರಿ! ಹುಳಿ ಮಜ್ಜಗಿ ಹೊಡದ್ರ ಹೋಕ್ಕಾವು."

ಬೇಡವೆನ್ನುವಷ್ಟರಲ್ಲಿ ಮಜ್ಜಿಗೆ ಅರ್ಧ ಬಳ್ಳಿಗೆ, ಅರ್ಧ ಅವನ ಇಸ್ತ್ರಿ ಅಂಗಿಗೆ ಬಿತ್ತು.

"ಹುಳ ಅಲ್ಲ, ಆಡು!" ಎನ್ನುತ್ತ ವೆಂಕಣ್ಣ ಕುರ್ಚಿ ತಂದು ಹತ್ತಿದ. ತೊಟ್ಟುಗಳನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರದಿಂದ ನೋಡಿದ. "ತಡೀರಿ, ಆಡಿನ ಹಲ್ಲಲ್ಲ ಇದು. ಕತ್ತರಿ!"

ಅದೇ ಹೊತ್ತಿಗೆ ಮಿಲಿಂದನ ಕಾರು ಬಂದು ನಿಂತಿತು. ಅಂಗಿ ಒರೆಸಲು ಬಟ್ಟೆ ಹುಡುಕುತ್ತಿದ್ದ ಗೌರಕ್ಕ ಶಶಿಕುಮಾರನ ಚೀಲಕ್ಕೇ ಕೈ ಹಾಕಿದಳು. ನಿನ್ನೆ ಚೆಲ್ಲಲು ಮರೆತ ಎಲೆಗಳು ಕತ್ತರಿಯ ಸಮೇತ ನೆಲಕ್ಕೆ ಬಿದ್ದವು.

"ಹೌದ್ರಿ, ನಾನ ಕತ್ತರಿಸೇನಿ," ಎಂದ ಶಶಿಕುಮಾರ. "ಹಣ್ಣಾದ್ರ ಮನಿ ಬಿಡಬೇಕಲ್ರಿ. ಕರುಣಾ ಹಚ್ಚಿದ ಬಳ್ಳಿರಿ ಇದು." ಬಗ್ಗಿ ಕತ್ತರಿ ಎತ್ತಿಕೊಂಡ. "ಆದ್ರ ಕೆಳಗಿನ್ವು ಅಷ್ಟ. ಮ್ಯಾಲಿನ್ವು ನನ್ನ ಕೈಗೆ ಎಟಕೂದಿಲ್ರಿ."

ಎಲ್ಲರೂ ಮೇಲೆ ನೋಡಿದರು. ಬಾಲ್ಕನಿಯಲ್ಲಿ ಲಕ್ಷ್ಮೀಬಾಯಿ ನಿಂತಿದ್ದರು, ಕೈಯಲ್ಲಿ ಅಡಿಕೆ ಕತ್ತರಿಸುವ ಅಡಕೊತ್ತು.

"ಮ್ಯಾಲಿನ್ವು ನಾ ಕತ್ತರಿಸೇನಿ," ಎಂದರು. "ನೀ ವೆಂಕಣ್ಣಗ ಒದರಿ ಹೇಳೂದು ಕೇಳಿಸಿಕೊಂಡಿದ್ದೆ. ನೀನೂ ಕತ್ತರಸಾಕತ್ತಿ ಅಂತ ಗೊತ್ತಿದ್ರ ಕೈ ತಡೀತಿದ್ದೆಪಾ. ಲಿಫ್ಟ್ ತೊಗೊಂಡು ಏನ್ ಮಾಡ್ಲಿ? ನನಗೂ ಈ ಮನಿ ಬಿಡೂ ಮನಸಿಲ್ಲ."

ಮಿಲಿಂದ ಒಂದು ಗೊನೆ ಹಿಡಿದು ನೋಡಿದ. ನೆರಳಿಲ್ಲದೆ ಬಿಸಿಲಿಗೆ ಬೆಂದು ಕಾಯಿಗಳು ಕಂದಿ ಮುದುಡಿದ್ದವು.

"ಅತ್ತಿ, ಇವು ಇನ್ನ ಹಣ್ಣಾಗೂದಿಲ್ರಿ," ಎಂದ, ಮೆತ್ತಗೇ. "ಹಣ್ಣ ತಿನ್ನೂತನಕ ಅಂದಿದ್ರಿ, ನಾನೂ ಹೂಂ ಅಂದಿದ್ದೆ. ಹಣ್ಣ ಇಲ್ಲಂದಮ್ಯಾಲೆ ಕಾಯೂದು ಯಾತಕ್ಕ? ಈ ವಾರನ ಸಾಮಾನು ಕಟ್ಟೂಣು."

ಸಂಜೆ ಶಶಿಕುಮಾರ, ಲಕ್ಷ್ಮೀಬಾಯಿ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು.

"ಕರುಣಾ ಇದ್ದಿದ್ರ ನಮ್ಮಿಬ್ಬರ ಕೈಯಾಗಿಂದೂ ಕತ್ತರಿ ಕಸಗೋತಿದ್ಲು," ಎಂದರು ಲಕ್ಷ್ಮೀಬಾಯಿ.

ಶಶಿಕುಮಾರ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. ಕಂದಿದ ಕಾಯಿಯೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡ. ಹಲ್ಲು ಜುಮ್ಮೆನ್ನುವಷ್ಟು ಹುಳಿ. ಉಗುಳಲು ಮನಸ್ಸಾಗದೆ ನುಂಗಿದ.