ಗೈಬುಸಾಬರ ಉದ್ಯೋಗ ಗೊತ್ತಾಗಿದ್ದು

ಹೂವಿನ ಹಿಪ್ಪರಗಿಯ ಗೈಬುಸಾಬರಿಗೆ ನಲವತ್ತೇಳು ವರ್ಷ ತುಂಬುವವರೆಗೆ "ನೀವು ಮಾಡೂದರ ಏನು?" ಎಂದು ಕಾಗದ ಹಿಡಿದು ಯಾರೂ ಕೇಳಿರಲಿಲ್ಲ. ಹೆಂಡತಿಯ ತವರಿನವರು ಕೇಳಿದ್ದರು, ನಿಜ. ಆದರೆ ಅತ್ತೆಮನೆಯವರು ಕೇಳುವುದನ್ನೆಲ್ಲ ಪ್ರಶ್ನೆಯೆಂದು ಹಿಡಿದರೆ ಅಳಿಯನಾದವನು ಬದುಕುವುದು ಹೇಗೆ?

ಆದರೆ ೧೯೬೧ರ ಫೆಬ್ರುವರಿಯ ಒಂದು ಗುರುವಾರ, ಸಾಕ್ಷಾತ್ ಭಾರತ ಸರಕಾರವೇ ಕನ್ನಡ ಶಾಲೆಯ ರಾವಸಾಬ ಮಾಸ್ತರರ ರೂಪ ತಾಳಿ, ಬಗಲಲ್ಲಿ ಕಾಗದದ ಕಟ್ಟು ಹಿಡಿದು ಅವರ ಹೊಸ್ತಿಲಿಗೆ ಬಂದು ನಿಂತಿತು. ಖಾನೇಸುಮಾರಿ! ದೇಶದ ತಲೆಗಳನ್ನೆಲ್ಲ ಎಣಿಸುವ ಮಹಾಕಾರ್ಯ. ಹೆಸರಾಯಿತು, ವಯಸ್ಸಾಯಿತು. ಮದುವೆ ಆಗಿದೆಯೇ ಎಂದಾಗ ಗೈಬುಸಾಬರು ಒಮ್ಮೆ ಒಳಗೆ ಇಣುಕಿ, "ಆಗೇತ್ರಿ" ಎಂದು ಸಣ್ಣ ದನಿಯಲ್ಲಿ ಒಪ್ಪಿಕೊಂಡರು.

"ಉದ್ಯೋಗ?" ಎಂದರು ಮಾಸ್ತರರು.

ಗೈಬುಸಾಬರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಯಾವ ವರ್ಷದ್ದು ಹೇಳ್ಲಿರಿ?"

ಅದು ಕುಚೋದ್ಯವಲ್ಲ. ಅವರು ಮಾಡದ ಉದ್ಯೋಗವಿರಲಿಲ್ಲ. ಮೊದಲು ಸಿಂಪಿಗತನ ಕಲಿತು ಊರ ಗೌಡರಿಗೆ ಜುಬ್ಬಾ ಹೊಲಿದಿದ್ದರು. ಎರಡೂ ತೋಳು ಎಡಗೈಯವೇ ಆಗಿದ್ದವು. ಆಮೇಲೆ ಲಗ್ನದ ಮನೆಗಳಿಗೆ ಗ್ಯಾಸಬತ್ತಿ ಬಾಡಿಗೆ ಕೊಟ್ಟರು. ಇವರು ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಬತ್ತಿ ಆರಿ, ಕತ್ತಲೆಯಲ್ಲಿ ಬೀಗರು ಬೀಗರ ಎಲೆಗೇ ಕೈ ಹಾಕಿ ದೊಡ್ಡ ಜಗಳವಾಯಿತು. ನಂತರ ಅತ್ತರು ಮಾರಿದರು. ಹೆಚ್ಚಿನದನ್ನು ತಾವೇ ಹಚ್ಚಿಕೊಂಡರು. ಕೊನೆಗೆ ಗಡಿಯಾರ ರಿಪೇರಿ. ಬಿಚ್ಚಿ ಮತ್ತೆ ಜೋಡಿಸಿದ ಪ್ರತಿ ಗಡಿಯಾರದಿಂದಲೂ ಎರಡು ಮೂರು ಸಾಮಾನು ಮಿಕ್ಕುತ್ತಿದ್ದವು. "ಕಂಪನಿಯವರು ಜಾಸ್ತಿ ತುಂಬಿರ್ತಾರ" ಎಂದು ಗೈಬುಸಾಬರ ಸಿದ್ಧಾಂತ.

"ಮನಿಷಾ ಆದಾಂವ ಹನ್ನೆರಡನೇ ವರ್ಷಕ್ಕ ಜೀವನದಾಗ ತಾನು ಏನಾಗಬೇಕಂತ ಗೊತ್ತ ಮಾಡ್ಕೋಬೇಕ್ರಿ ಗೈಬುಸಾಬ" ಎಂದು ಮಾಸ್ತರರು ಪಾಠ ಶುರು ಮಾಡಿದರು.

"ಹನ್ನೆರಡಕ್ಕ ಲಗ್ನಾ ಮಾಡಬ್ಯಾಡ್ರಿ, ತಿಳವಳಿಕಿ ಇರಾಂಗಿಲ್ಲ ಅಂತ ಸರಕಾರನ ಕಾಯ್ದೆ ಮಾಡೇತಿ. ಉದ್ಯೋಗ ಅಂದ್ರ ಲಗ್ನಕ್ಕಿಂತ ಸಣ್ಣದೇನ್ರಿ?"

ಮಾಸ್ತರರಿಗೆ ಸಿಟ್ಟು ಬಂತು. "ಐತವಾರ ಬರ್ತೇನಿ. ಅಷ್ಟರಾಗ ಯಾವದರ ಒಂದ ಗೊತ್ತ ಮಾಡಿಡ್ರಿ. ಒಮ್ಮೆ ಬರದೆ ಅಂದ್ರ ಹತ್ತ ವರ್ಷ ಅಳಿಸಾಕ ಬರಾಂಗಿಲ್ಲ!" ಎಂದು ಕಟ್ಟು ಎತ್ತಿಕೊಂಡು ಮುಂದಿನ ಮನೆಗೆ ನಡೆದರು.

ಪಡಸಾಲೆಯಲ್ಲಿ ಕೌದಿ ಹರಡಿಕೊಂಡು ಹೊಲಿಯುತ್ತಿದ್ದ ಜೈತುನಬಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ ಅವಳು ಹಾಕುವ ದಾರದ ಹೊಲಿಗೆಗೆ ಬಾಗೇವಾಡಿಯಿಂದ ಮುದ್ದೇಬಿಹಾಳದವರೆಗೆ ಹೆಸರಿತ್ತು. ಆ ಮನೆಯ ಒಲೆ ಉರಿಯುತ್ತಿದ್ದುದೂ ಅದರಿಂದಲೇ.

"ಐತವಾರ ಅಗರಖೇಡದಿಂದ ಇಬ್ರಾಹಿಂಸಾಬರು ಮಗನ ಸಲುವಾಗಿ ನಮ್ಮ ಅಬಿದಾನ್ನ ನೋಡಾಕ ಬರ್ತಾರ, ಗೊತ್ತೈತಿಲ್ಲೊ?" ಎಂದಳು. "ಈ ಸಲನಾದ್ರೂ ಒಂದ ಮಾತ ಹೇಳೂಣು."

ಹೋದ ವರ್ಷ ಮೋರಟಗಿಯವರು ಮಗಳನ್ನು ನೋಡಲು ಬಂದು "ಹುಡುಗಿ ತಂದಿ ಏನ ಮಾಡ್ತಾರ?" ಎಂದಾಗ, ಹೊರಗಿನಿಂದ ಇವರು "ಗಡಿಯಾರ" ಎಂದಿದ್ದರು, ಅದೇ ಉಸಿರಿಗೆ ಒಳಗಿನಿಂದ ಅವಳು "ಅತ್ತರಾ" ಎಂದಿದ್ದಳು. ಬಂದವರು ಚಹಾ ಕುಡಿದು ಎದ್ದವರು ಹೊರಳಿ ನೋಡಿರಲಿಲ್ಲ.

"ನೀ ಯಾವಾಗ ಗೊತ್ತ ಮಾಡ್ಕೊಂಡಿ, ಕೌದಿ ಹೊಲಿಯಾಕಿ ಆಗಬೇಕಂತ?" ಎಂದು ಗೈಬುಸಾಬರು ಕೇಳಿದರು.

"ನನ್ನನ್ನ ಯಾರ ಕೇಳ್ಯಾರ? ಒಂಬತ್ತು ವರ್ಷ ಇದ್ದಾಗ ಅಮ್ಮಾ ಕೈಯಾಗ ಸೂಜಿ ಕೊಟ್ಟಳು. ಬೆರಳಿಗೆ ಚುಚ್ಚತು. ಅತ್ತೆ. ಅಳಕೊಂತನ ಹೊಲದೆ. ಆ ಕೆಂಪು ತುಂಡ ಎಲ್ಲಿಟ್ರಿ?"

"ಕೆಂಪು ಅಲ್ಲಿ ಹೊಂದಾಂಗಿಲ್ಲ, ಹಳದಿ ಹಾಕು" ಎನ್ನುತ್ತ ಗೈಬುಸಾಬರು ಕತ್ತರಿಯಿಂದ ಒಂದು ಹಳದಿ ತುಂಡು ಕತ್ತರಿಸಿ ಕೊಟ್ಟು, ಮತ್ತೆ ಗಹನವಾದ ಚಿಂತೆಗೆ ಇಳಿದರು.

ಎರಡು ದಿನ ಚಿಂತನ ಮಂಥನ ನಡೆಯಿತು. ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ ಅಬಿದಾ, "ಅಬ್ಬಾ, ದಿನಾ ಏನ ಮಾಡ್ತೀರಿ ಅದನ್ನ ಹೇಳಿಬಿಡ್ರಿ, ಮುಗೀತು" ಎಂದು ಸುಲಭದ ದಾರಿ ತೋರಿಸಿದಳು.

"ದಿನಾ ವಿಚಾರ ಮಾಡ್ತೇನಿ."

"ಅದಕ್ಕ ಕಾಗದದಾಗ ಜಾಗಾ ಇರಾಂಗಿಲ್ಲ" ಎಂದು ಮಗಳು ನಕ್ಕು ಒಳಗೆ ಹೋದಳು.

ಐತವಾರ ಮುಂಜಾನೆ ಗೈಬುಸಾಬರು ಮಿಂದು, ಕಣ್ಣಿಗೆ ಸುರಮಾ ಹಚ್ಚಿ, ನಿರ್ಧಾರ ಪ್ರಕಟಿಸಿದರು: ಗಡಿಯಾರ ರಿಪೇರಿ! ಹೇಳಿಕೊಳ್ಳಲು ಘನತೆಯ ಮಾತು. ಜೈತುನಬಿಯೂ ಒಪ್ಪಿದಳು. ಮಾಸ್ತರರು ಬಂದು ಚಾಪೆಯ ಮೇಲೆ ಕೂತು ಲೇಖನಿಯ ಟೊಪ್ಪಿಗೆ ತೆಗೆಯುವುದಕ್ಕೂ, ಇಬ್ರಾಹಿಂಸಾಬರು ಮೋಟಾರಿನಿಂದ ಇಳಿದು ಮೈಯೆಲ್ಲ ಕೆಂಧೂಳಾಗಿ ಒಳಗೆ ಬರುವುದಕ್ಕೂ ಸರಿಹೋಯಿತು. ಸಲಾಮು, ಕ್ಷೇಮ ಸಮಾಚಾರ ಮುಗಿಯಿತು.

"ಹಾಂ, ಉದ್ಯೋಗ?" ಮಾಸ್ತರರು ಕೇಳಿದರು.

"ಗಡಿಯಾರ ರಿಪೇರಿ!" ಗೈಬುಸಾಬರ ದನಿ ಓಣಿಯ ಕೊನೆಗೂ ಕೇಳಿಸಿತು. ಒಳಗಿನಿಂದ ಜೈತುನಬಿಯೂ, "ಗಡಿಯಾರರಿ!" ಎಂದು ಮುದ್ರೆ ಒತ್ತಿದಳು.

"ಭೇಷ್!" ಎಂದರು ಇಬ್ರಾಹಿಂಸಾಬರು. ಕರಿ ಕೋಟಿನ ಕಿಸೆಗೆ ಕೈಹಾಕಿ ಸರಪಳಿಯ ಗಡಿಯಾರವೊಂದನ್ನು ಹೊರತೆಗೆದರು. "ನಮ್ಮ ಮಾವನೋರು ಕೊಟ್ಟಿದ್ರಿ. ಆರ ತಿಂಗಳಾತು, ನಿಂತಬಿಟ್ಟೈತಿ. ಇಂಡಿ ಪ್ಯಾಟ್ಯಾಗ ಯಾರ ಕೈಯಾಗೂ ಕೊಡಾಕ ಧೈರ್ಯ ಆಗಿಲ್ಲ. ಬೀಗರ ಕೈಯಾಗ ಕೊಡಾಕ ಏನ ಅಂಜಿಕಿ? ನೋಡ್ರಿ."

ಬೀಗರು! ಆ ಒಂದು ಮಾತಿಗೆ ಗೈಬುಸಾಬರು ಗಡಿಯಾರಕ್ಕೆ ಕೈ ಚಾಚಿದರು. ಇಲ್ಲವೆನ್ನುವಂತಿಲ್ಲ. ಅಲ್ಲಾಹನ ಹೆಸರು ಹೇಳಿ ಹಿಂದಿನ ಮುಚ್ಚಳ ಎಬ್ಬಿಸಿದರು. ಸೂಜಿಯ ಮೊನೆಯಿಂದ ಒಂದೆಡೆ ಒತ್ತಿದರು. "ಟಿಂಯ್" ಎಂದು ಒಂದು ಸ್ಪ್ರಿಂಗು ಮೇಲೆದ್ದು, ಮಾಸ್ತರರ ಮೂಗಿನ ಮುಂದಿನಿಂದ ಹಾರಿ, ಪಡಸಾಲೆಯಲ್ಲಿ ಹಾಸಿದ್ದ ಕೌದಿಯೊಳಗೆಲ್ಲೋ ಮಾಯವಾಯಿತು.

ಭಾರತ ಸರಕಾರ, ಹುಡುಗನ ತಂದೆ, ಹುಡುಗಿಯ ತಂದೆ ಮೂವರೂ ಮೊಣಕಾಲೂರಿ ಕೌದಿಯ ಮೇಲೆ ಹರಿದಾಡಿದರು. ಬಾಗಿಲ ಪರದೆಯ ಹಿಂದೆ ಜೈತುನಬಿ ಹಣೆ ಬಡಿದುಕೊಂಡಳು. ಮಗಳ ಸಂಬಂಧ ಈ ಸಲವೂ ಹೋಯಿತು, ಅದೂ ಚಹಾ ಕುಡಿಯುವ ಮೊದಲೇ!

ಸ್ವಲ್ಪ ಹೊತ್ತಿಗೆ ಇಬ್ರಾಹಿಂಸಾಬರು ಹುಡುಕುವುದನ್ನು ಬಿಟ್ಟರು. ಕೌದಿಯನ್ನು ಸವರಿ ನೋಡುತ್ತ, "ಇದರಾಗ ಬಣ್ಣಾ ಕೂಡಿಸಿದವರು ಯಾರ್ರಿ? ಕಣ್ಣ ಕೀಳಾಕ ಬರವಲ್ದು!" ಎಂದರು.

"ನಾ ಬರೇ ಹೊಲಿಯಾಕಿ. ತುಂಡ ಕತ್ರಿಸಿ ಬಣ್ಣಾ ಕೂಡಿಸೂದು ಅವರಽ, ಇಪ್ಪತ್ತ ವರ್ಷಾತು" ಎಂದಿತು ಪರದೆ.

"ಅದು ಉದ್ಯೋಗ ಅಲ್ರಿ" ಗೈಬುಸಾಬರು ನಾಚಿದರು. "ಖಾಲಿ ಕುಂತಾಗ ಸುಮ್ನ..."

"ಖಾಲಿ ಎಷ್ಟೊತ್ತು ಕುಂತಿರ್ತೀರಿ?" ಮಾಸ್ತರರು ಪಟ್ಟು ಹಿಡಿದರು.

"ಮುಂಜಾನಿಂದ ಸಂಜಿತನಕಾರಿ!" ಎಂದಿತು ಪರದೆ.

ಮಾಸ್ತರರ ಮುಖ ಅರಳಿತು. ಲೇಖನಿ ಸರಸರನೆ ಓಡಿತು. ಬರೆದದ್ದನ್ನು ಅವರು ಗಟ್ಟಿಯಾಗಿ ಓದಿದರು: "ಜೈತುನಬಿ, ಮನೆಯಲ್ಲಿ ಕೌದಿ ಹೊಲಿಯುವ ಉದ್ಯೋಗದ ಒಡತಿ. ಗೈಬುಸಾಬ, ಸದರಿ ಉದ್ಯೋಗದಲ್ಲಿ ಪಗಾರವಿಲ್ಲದೆ ದುಡಿಯುವ ಮನೆಯ ಆಳು."

"ಆಳಾ! ಮಾಸ್ತರ, ಗಂಡಸರಿ ನಾ! ಅಳಿಸ್ರಿ ಅದನ್ನ!"

"ಅಳಿಸಾಕ ಬರಾಂಗಿಲ್ಲ. ಹತ್ತ ವರ್ಷ ತಡೀರಿ."

ಇಬ್ರಾಹಿಂಸಾಬರು ಹೊಟ್ಟೆ ಹಿಡಿದು ನಕ್ಕರು. ಬಿಚ್ಚಿದ ಗಡಿಯಾರವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು, "ಇರ್ಲಿ ಬಿಡ್ರಿ, ಮೊದಲ ನಿಂತಿತ್ತು, ಈಗ ಮಲಗೇತಿ. ಖರೇ ಹೇಳ್ತೇನಿ, ನನ್ನ ಮಗ ಅಮೀನುದ್ದೀನಗ ಇಪ್ಪತ್ತಮೂರು. ಏನ ಮಾಡಬೇಕಂತ ಅಂವಗೂ ಇನ್ನಾ ಗೊತ್ತಾಗವಲ್ದು. ಅದನ್ನ ನಿಮ್ಮ ಮುಂದ ಹೆಂಗ ಹೇಳಬೇಕಂತ ದಾರಿ ತುಂಬ ಅಂಜಕೊಂತ ಬಂದೇನಿ. ಈ ಮನಿ ಹುಡುಗಿ ಕೈಯಾಗ ಹಾಕಿದ್ರ ಒಂದ ದಾರಿಗೆ ಹತ್ತತಾನ. ನನಗ ಈ ಸಂಬಂಧ ಪಸಂದ ಐತಿ" ಎಂದರು.

ಪರದೆಯ ಹಿಂದೆ ಪಿಸುಮಾತು ಕೇಳಿಸಿತು. ಪಿಸುಮಾತಿಗೆ ಅದು ಸ್ವಲ್ಪ ಜೋರಾಗಿಯೇ ಇತ್ತು. "ಅಮ್ಮಾ, ಅಂವಗ ಕತ್ರಿ ಹಿಡಿಯಾಕ ಬರ್ತೈತೇನು ಕೇಳು."

ಆ ದಿನ ಮಾಸ್ತರರೂ ಸೇರಿ ಎಲ್ಲರೂ ಹಾಲು ಶಾವಿಗೆಯ ಶಿರಕುರ್ಮಾ ಉಂಡರು. ಲಗ್ನ ಗೊತ್ತಾಯಿತು.

ಮರುದಿನ ಮುಂಜಾನೆ ಗೈಬುಸಾಬರು ಇಸ್ತ್ರಿಯ ಜುಬ್ಬಾ ತೊಟ್ಟು, ಊರಿಗೆಲ್ಲ ಸುದ್ದಿ ಹೇಳಲು ಹೊಸ್ತಿಲು ದಾಟಿದ್ದರಷ್ಟೆ.

"ಎಲ್ಲಿಗೆ ಹೊಂಟ್ರಿ?" ಒಡತಿಯ ದನಿ. "ಲಗ್ನಕ್ಕ ಏಳ ಕೌದಿ ಆಗಬೇಕು. ಬರ್ರಿ, ಕುಂಡ್ರಿ."

"ಇವತ್ತೊಂದ ದಿನ ಸೂಟಿ ಕೊಡು, ಜೈತುನಾ."

ಜೈತುನಬಿ ತಲೆ ಎತ್ತದೆ ಸೂಜಿಗೆ ದಾರ ಪೋಣಿಸಿದಳು.

"ಸೂಟಿ ಪಗಾರ ಇದ್ದವರಿಗೆ."